ಹಳೆಯ ಸೀಮೆಎಣ್ಣೆ ಹೀಟರ್ ಬಯಲಿನಲ್ಲಿ ಚಳಿ ಬಿಡಿಸುತ್ತದೆಯೇ?

ಬ್ರಿಟನ್ನಿನಲ್ಲಿ ಹಳೆಯ ಸಾಮಾನು ಮಾರುವ ವಾರದ ಸಂತೆಗಳಲ್ಲಿ ಒಂದು ವಸ್ತು ಆಗಾಗ ಕಣ್ಣಿಗೆ ಬೀಳುತ್ತದೆ. ಕೆಳಗೆ ಹಿತ್ತಾಳೆಯ ಟ್ಯಾಂಕು, ಅದಕ್ಕೊಂದು ಕೈಪಂಪು, ಮೇಲೆ ದೊಡ್ಡ ಬೋಗುಣಿಯನ್ನು ಅಡ್ಡಲಾಗಿ ನಿಲ್ಲಿಸಿದಂತೆ ಹೊಳೆಯುವ ಲೋಹದ ತಟ್ಟೆ. ನೋಡಿದರೆ ಡಿಶ್ ಆಂಟೆನಾದ ಅಜ್ಜನಂತಿರುತ್ತದೆ. ಇದು ಸೀಮೆಎಣ್ಣೆಯಿಂದ ಉರಿಯುವ ಹೀಟರ್. ಟಿಲ್ಲಿ ಕಂಪನಿಯ ರೇಡಿಯೇಟರ್, ಬಯಾಲಾಡಿನ್‌ನ ಬೌಲ್‌ಫೈರ್ ಈ ಜಾತಿಯಲ್ಲಿ ಹೆಸರಾದವು. ಮನೆಮನೆಗೆ ಸೆಂಟ್ರಲ್ ಹೀಟಿಂಗ್ ಬರುವ ಮುಂಚಿನ ಕಾಲದವು ಇವು. ಈಗ ಇವನ್ನು ಕೊಳ್ಳುವವರು ಸಂಗ್ರಾಹಕರು, ಕ್ಯಾಂಪಿಂಗ್ ಹೋಗುವವರು, ರಾತ್ರಿ ದುರ್ಬೀನು ಹಿಡಿದು ಹಿತ್ತಲಲ್ಲಿ ಕೂರುವವರು. ‘ಬಯಲಲ್ಲಿ ಬೆಚ್ಚಗಿರಲು ಇದಕ್ಕಿಂತ ಒಳ್ಳೆಯದಿಲ್ಲ’ ಎಂಬುದು ಅವರಲ್ಲಿ ಅನೇಕರ ಮಾತು. ‘ಬಯಲಲ್ಲವೇ, ಹೊಗೆಯ ಭಯವೂ ಇಲ್ಲ’ ಎಂಬುದು ಅದರ ಹಿಂದೆಯೇ ಬರುವ ಮಾತು.

ಮೊದಲ ಮಾತಿನಲ್ಲಿ ಸಾಕಷ್ಟು ನಿಜವಿದೆ. ಎರಡನೆಯ ಮಾತು ಜೀವ ತೆಗೆಯಬಲ್ಲದು. ಎರಡನ್ನೂ ನೋಡೋಣ.

ಗಾಳಿಯನ್ನು ಕಾಯಿಸಲು ಹೊರಟರೆ

ಕೋಣೆಯ ಒಳಗೆ ಹೀಟರ್ ಇಟ್ಟಾಗ ಅದು ಗಾಳಿಯನ್ನು ಕಾಯಿಸುತ್ತದೆ, ಬೆಚ್ಚಗಾದ ಗಾಳಿ ಕೋಣೆಯಲ್ಲೇ ಸುತ್ತುತ್ತದೆ, ನಮಗೆ ಹಿತವೆನಿಸುತ್ತದೆ. ಶಾಲೆಯಲ್ಲಿ ಉಷ್ಣಸಂವಹನ ಎಂದು ಓದಿದ್ದು ಇದನ್ನೇ. ಬಯಲಿನಲ್ಲಿ ಈ ದಾರಿ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು 10 ಯೂನಿಟ್ ಶಕ್ತಿ ಸಿಗುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಹೀಟರ್ ಒಂದು ಲೀಟರನ್ನು ಐದು ಗಂಟೆ ಉರಿಸುತ್ತದೆ ಎಂದಿಟ್ಟುಕೊಂಡರೆ ಅದರ ಶಕ್ತಿ 2 ಕಿಲೋವ್ಯಾಟ್. ಈಗ ನೀವು ಕುಳಿತ ಜಾಗದಲ್ಲಿ ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಒಂದು ಬಾಗಿಲನ್ನು ಕಲ್ಪಿಸಿಕೊಳ್ಳಿ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ, ಅಂದರೆ ಮುಖಕ್ಕೆ ತಾಗಿಯೂ ತಾಗದಂಥ ಮೆಲುಗಾಳಿ, ಆ ಬಾಗಿಲನ್ನು ಹಾದುಹೋಗುತ್ತಿದೆ. ಪ್ರತಿ ಸೆಕೆಂಡಿಗೆ ಹಾದುಹೋಗುವ ಗಾಳಿ 4 ಘನ ಮೀಟರ್, ತೂಕದಲ್ಲಿ ಸುಮಾರು 5 ಕಿಲೋ. ಅದನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು 5 ಕಿಲೋವ್ಯಾಟ್ ಬೇಕು. ನಮ್ಮ ಹೀಟರಿನ ಅಷ್ಟೂ ಶಕ್ತಿ ಸುರಿದರೂ ಗಾಳಿ ಏರುವುದು 0.4 ಡಿಗ್ರಿ. ಮೈಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಹಿತ್ತಲಲ್ಲಿ ಟಿಲ್ಲಿ ರೇಡಿಯೇಟರ್ ಮುಂದೆ ಕೂತವರು ಬೆಚ್ಚಗಿದೆ ಅನ್ನುವುದು ಸುಳ್ಳೇ? ಅಲ್ಲ. ಅವರಿಗೆ ತಲುಪುತ್ತಿರುವುದು ಗಾಳಿ ಹೊತ್ತು ತಂದ ಬಿಸಿಯಲ್ಲ, ವಿಕಿರಣ. ಈ ಪದ ಕೇಳಿ ಪರಮಾಣು ಸ್ಥಾವರ ನೆನಪಾಗುವುದು ಬೇಡ. ಬಿಸಿಯಾದ ಯಾವುದೇ ವಸ್ತು ಹೊರಸೂಸುವ ಅವಕೆಂಪು ಕಿರಣಗಳಿವು. ಎಳೆಬಿಸಿಲಿನಲ್ಲಿ ನಿಂತಾಗ ಬೆನ್ನಿಗೆ ತಾಗುವ ಸುಖದಲ್ಲಿ ಇವುಗಳ ಪಾಲು ದೊಡ್ಡದು. ಈ ಕಿರಣಗಳು ನಡುವಿನ ಗಾಳಿಯನ್ನು ಹೆಚ್ಚುಕಡಿಮೆ ಮುಟ್ಟದೆ ಹಾದು ಬಂದು, ಬಟ್ಟೆ ಚರ್ಮಗಳ ಮೇಲೆ ಬಿದ್ದ ಮೇಲೆ ಶಾಖವಾಗುತ್ತವೆ. ಗಾಳಿ ಬೀಸಿದರೂ ಕಿರಣ ಪಕ್ಕಕ್ಕೆ ಹಾರಿಹೋಗುವುದಿಲ್ಲ.

ನೀಲಿ ಜ್ವಾಲೆಯೋ, ಕೆಂಪು ಕೆಂಡವೋ?

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹಳೆಯದು: ನೀಲಿ ಜ್ವಾಲೆ ಹೆಚ್ಚು ಬಿಸಿ, ಆದ್ದರಿಂದ ನೀಲಿ ಜ್ವಾಲೆಯ ಹೀಟರೇ ಮೇಲು. ನೀಲಿ ಜ್ವಾಲೆ ಎಂದರೆ ಎಣ್ಣೆ ಚೆನ್ನಾಗಿ ಉರಿಯುತ್ತಿದೆ ಎಂದರ್ಥ, ಅದು ನಿಜ. ಆದರೆ ಮಸಿಯಿಲ್ಲದ ನೀಲಿ ಜ್ವಾಲೆ ಕಿರಣ ಸೂಸುವುದರಲ್ಲಿ ತೀರಾ ಜಿಪುಣ. ಅದರ ಶಾಖದ ಬಹುಪಾಲು ಬಿಸಿ ಗಾಳಿಯಾಗಿ ನೇರ ಮೇಲಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಮನೆಮಾತಾಗಿದ್ದ ಅಲಾಡಿನ್ ನೀಲಿ ಜ್ವಾಲೆಯ ಹೀಟರ್ ಆ ಬಗೆಯದು. ಒಳಗೆ ದುಂಡನೆಯ ಬತ್ತಿ, ಹೊರಗೆ ಉದ್ದನೆಯ ಕೊಳವೆಯಂಥ ಮೈ. ಮುಚ್ಚಿದ ಹಜಾರಕ್ಕೆ ಅದು ಸರಿ, ಬಯಲಿನಲ್ಲಿ ಆಕಾಶವನ್ನು ಕಾಯಿಸುತ್ತದೆ ಅಷ್ಟೆ.

ಕಿರಣ ಸೂಸಬೇಕಾದರೆ ಜ್ವಾಲೆ ಒಂದು ಗಟ್ಟಿ ವಸ್ತುವನ್ನು ಕೆಂಪಗೆ ಕಾಯಿಸಬೇಕು. ಬತ್ತಿಯ ರೇಡಿಯಂಟ್ ಹೀಟರುಗಳಲ್ಲಿ ಆ ಕೆಲಸ ಮಾಡುವುದು ಜ್ವಾಲೆಯ ಸುತ್ತ ನಿಂತ ಲೋಹದ ಜಾಲರಿ ಅಥವಾ ತೂತು ತಗಡಿನ ಕೊಳವೆ, ಅದರ ಹಿಂದೊಂದು ಕನ್ನಡಿಯಂಥ ತಗಡು. ಜಪಾನಿನ ಟೊಯೊಟೊಮಿ, ಕೊರೋನಾ ಕಂಪನಿಗಳು ಇಂಥವನ್ನು ಇಂದಿಗೂ ತಯಾರಿಸುತ್ತವೆ. ಟಿಲ್ಲಿ ಬಗೆಯವುಗಳಲ್ಲಿ ಒತ್ತಡದ ಬರ್ನರ್ ಬೋಗುಣಿಯ ನಡುವೆ ಕೂತು ಉರಿಯುತ್ತದೆ, ಬೋಗುಣಿ ಕಿರಣಗಳನ್ನು ಮುಂದಕ್ಕೆ ದೂಡುತ್ತದೆ.

ಕೆಂಪಗೆ ಕಾದಷ್ಟೂ ಲಾಭ ವಿಪರೀತ ಏರುತ್ತದೆ. ವಸ್ತುವೊಂದು ಸೂಸುವ ಶಕ್ತಿ ಅದರ ಕೆಲ್ವಿನ್ ತಾಪದ ನಾಲ್ಕನೇ ಘಾತಕ್ಕೆ ಅನುಗುಣ. 900 ಕೆಲ್ವಿನ್‌ನಲ್ಲಿ ಮಂಕಾಗಿ ಕೆಂಪಿರುವ ಜಾಲರಿ 1100 ಕೆಲ್ವಿನ್‌ಗೆ ಏರಿ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಾಪ ಕಾಲು ಭಾಗವೂ ಹೆಚ್ಚಿರುವುದಿಲ್ಲ, ಕಿರಣ ಮಾತ್ರ ಎರಡು ಪಟ್ಟು ದಾಟಿರುತ್ತದೆ. ಬತ್ತಿ ಸವೆದು ಜಾಲರಿ ಮಂಕಾದ ಹೀಟರ್ ‘ಉರೀತಾ ಇದೆ, ಆದ್ರೆ ಬಿಸಿಯೇ ಇಲ್ಲ’ ಅನ್ನಿಸುವುದು ಇದರಿಂದಲೇ. ಬೋಗುಣಿಗೆ ಕಿಲುಬು ಹಿಡಿದಿದ್ದರೂ ಅದೇ ಕಥೆ. ಅದನ್ನು ತಿಕ್ಕಿ ಹೊಳಪು ತರುವುದು ಬರೀ ಅಂದಕ್ಕಲ್ಲ.

ಎಷ್ಟು ದೂರ ಕೂರಬೇಕು?

2 ಕಿಲೋವ್ಯಾಟಿನಲ್ಲಿ ಅರ್ಧ ಕಿರಣವಾಗಿ ಹೊರಟು, ಬೋಗುಣಿ ಅದನ್ನು ಸುತ್ತಲಿನ ಗೋಳದ ಕಾಲು ಭಾಗಕ್ಕೆ ಹರಡಿತು ಎಂದು ಲೆಕ್ಕಕ್ಕೆ ಹಿಡಿಯೋಣ. ಒಂದು ಮೀಟರ್ ದೂರದಲ್ಲಿ ಪ್ರತಿ ಚದರ ಮೀಟರಿಗೆ ಬೀಳುವುದು ಸುಮಾರು 320 ವ್ಯಾಟ್. ನಡುಮಧ್ಯಾಹ್ನದ ಖಡಕ್ ಬಿಸಿಲು 1000 ವ್ಯಾಟ್ ಎಂದರೆ, ಇದು ಅದರ ಮೂರನೇ ಒಂದು ಭಾಗ. ಸಾಕಷ್ಟು ಹಿತ. ಎರಡು ಮೀಟರಿಗೆ ಸರಿದರೆ 80, ಮೂರಕ್ಕೆ 35. ಸುಮ್ಮನೆ ಕೂತ ಮನುಷ್ಯನ ದೇಹ ತಾನೇ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತದೆ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ, ಮೂರು ಮೀಟರ್ ಆಚೆ ಕೂತವರಿಗೆ ಈ ಹೀಟರ್ ಒಂದು ದೀಪ ಮಾತ್ರ.

ಒಂದು ಹೀಟರ್ ಎದುರು ಇಬ್ಬರು ಹತ್ತಿರ ಕೂರಬಹುದು. ಹತ್ತು ಜನರ ಪಾರ್ಟಿಗೆ ಇದು ಆಗುವ ಮಾತಲ್ಲ. ಕಿರಣ ತಾಗುವುದು ಎದುರಿನ ಮೈಗೆ ಮಾತ್ರ. ಬೆನ್ನ ಕಡೆ ಚಳಿ ಎಂದಿನಂತೆ ಕೊರೆಯುತ್ತಿರುತ್ತದೆ, ಅದಕ್ಕೆ ಕಂಬಳಿಯೇ ಮದ್ದು. ಗಾಳಿ ಬರುವ ಕಡೆ ಗೋಡೆ ಅಥವಾ ಬೇಲಿ ಬೆನ್ನಿಗಿರುವಂತೆ ಕೂತರೆ ಅರ್ಧ ಕೆಲಸ ಮುಗಿದಂತೆ. ಹತ್ತಿರವೆಂದು ಅತಿ ಹತ್ತಿರವೂ ಬೇಡ: ನೈಲಾನ್, ಪಾಲಿಯೆಸ್ಟರ್ ಜಾಕೆಟ್ಟುಗಳು ಕರಗಿ ಚರ್ಮಕ್ಕೆ ಅಂಟುತ್ತವೆ. ಒಂದು ಮೀಟರ್ ಅಂತರ ಇರಲಿ.

ಗಾಳಿ ಎಂಬ ಹಳೆಯ ಶತ್ರು

ಕಿರಣವನ್ನು ಗಾಳಿ ಅಲುಗಿಸದು ಎಂದೆವು. ಜ್ವಾಲೆಯನ್ನು ಮಾತ್ರ ಚೆನ್ನಾಗಿಯೇ ಅಲುಗಿಸುತ್ತದೆ. ಬತ್ತಿ ಹೀಟರುಗಳು ಮನೆಯೊಳಗಿನ ನಿಂತ ಗಾಳಿಗೆಂದು ಮಾಡಿದವು. ಬಾಗಿಲ ಸಂದಿಯ ಗಾಳಿಯ ಸೆಳೆತಕ್ಕೇ ಕೆಲವು ಮಾದರಿಗಳು ಭುಗಿಲೆದ್ದು ಬೆಂಕಿ ಅನಾಹುತಗಳಾಗಿದ್ದವು. ಬ್ರಿಟಿಷ್ ಸಂಸತ್ತು 1960ರಲ್ಲಿ ಎಣ್ಣೆ ಹೀಟರುಗಳ ಸುರಕ್ಷತೆಗೆಂದೇ ಕಾಯ್ದೆ ತಂದಿತು. ಒಳಗಿನ ಗಾಳಿಯೇ ಇಷ್ಟು ಮಾಡಬಲ್ಲದಾದರೆ ಬಯಲಿನ ಗಾಳಿಯ ಬಗ್ಗೆ ಹೇಳುವುದೇ ಬೇಡ. ಬಯಲಿಗೆ ಒತ್ತಡದ ಹೀಟರುಗಳು ವಾಸಿ.

ಒತ್ತಡದ ಹೀಟರಿನ ಒಳಗುಟ್ಟು ನಮ್ಮ ಕಡೆಯವರಿಗೆ ಹೊಸದಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೆ, ಮದುವೆ ಮೆರವಣಿಗೆಗೆ ಬೆಳಕು ಕೊಟ್ಟ ಪೆಟ್ರೋಮ್ಯಾಕ್ಸ್, ಅಡುಗೆಮನೆಯಲ್ಲಿ ಬುಸುಗುಟ್ಟುತ್ತಿದ್ದ ಪಂಪ್ ಸ್ಟೌ ಎರಡೂ ಇದರ ದಾಯಾದಿಗಳೇ. ಪಂಪು ಹೊಡೆದ ಒತ್ತಡಕ್ಕೆ ಎಣ್ಣೆ ಮೇಲೇರುತ್ತದೆ, ಕಾದ ಕೊಳವೆಯಲ್ಲಿ ಆವಿಯಾಗುತ್ತದೆ, ಸಣ್ಣ ತೂತಿನಿಂದ ಚಿಮ್ಮಿ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಹಚ್ಚುವ ಮುನ್ನ ಆ ಕೊಳವೆಯನ್ನು ಸ್ಪಿರಿಟ್ ಉರಿಸಿ ಕಾಯಿಸಬೇಕು. ಚಳಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು, ಕೈ ಮರಗಟ್ಟಿದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅವಸರಪಟ್ಟರೆ ಆವಿಯ ಬದಲು ಹಸಿ ಎಣ್ಣೆ ಚಿಮ್ಮಿ ಹಳದಿ ಜ್ವಾಲೆ ಆಳೆತ್ತರ ಎದ್ದೀತು. ಪಂಪ್ ಸ್ಟೌ ಭುಗಿಲೆದ್ದದ್ದನ್ನು ಕಂಡ ಅಜ್ಜಿಯರನ್ನು ಕೇಳಿ, ಗಾಳಿ ತಿರುಪು ಸಡಿಲಿಸಿ ಒತ್ತಡ ಬಿಡಬೇಕು ಎಂದು ಅವರೇ ಹೇಳುತ್ತಾರೆ. ಇಲ್ಲೂ ಉಪಾಯ ಅದೇ.

ಡೇರೆ ಬಯಲಲ್ಲ

ಈಗ ಆ ಎರಡನೆಯ ಮಾತು. ಊಟ ಮುಗಿದಿದೆ, ಇಬ್ಬನಿ ಇಳಿಯುತ್ತಿದೆ, ಹೀಟರ್ ಇನ್ನೂ ಕೆಂಪಗಿದೆ. ಅದನ್ನು ಹಾಗೇ ಎತ್ತಿ ಡೇರೆಯೊಳಗೆ ಇಟ್ಟುಕೊಂಡರೇನು, ಬಟ್ಟೆಯ ಗೋಡೆ ತಾನೇ, ಗಾಳಿ ಆಡುತ್ತದಲ್ಲ? ಇಬ್ಬರು ಮಲಗುವ ಡೇರೆಯಲ್ಲಿ ಸುಮಾರು 3 ಘನ ಮೀಟರ್ ಗಾಳಿ ಇದೆ ಎನ್ನೋಣ. ಅದರಲ್ಲಿರುವ ಆಮ್ಲಜನಕ 850 ಗ್ರಾಂನಷ್ಟು. ಗಂಟೆಗೆ 200 ಮಿಲಿಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಬೇಕಾಗುವ ಆಮ್ಲಜನಕ ಸುಮಾರು 550 ಗ್ರಾಂ. ಸಂದುಗೊಂದುಗಳಿಂದ ಒಂದಿಷ್ಟು ಹೊಸ ಗಾಳಿ ಬರುತ್ತದೆ, ಆದರೆ ಚಳಿಗೆ ಜಿಪ್ಪು ಎಳೆದುಕೊಂಡವರಿಗೆ ಅದು ಸಾಲುವುದಿಲ್ಲ. ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ ಎಣ್ಣೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಇದರ ಲಕ್ಷಣಗಳು. ಪ್ರಯಾಣದ ದಣಿವು ಅಥವಾ ಕುಡಿದ ಅಮಲು ಅಂದುಕೊಂಡು ಮಲಗಿಬಿಡುವವರೇ ಹೆಚ್ಚು. ಒಂದೇ ಡೇರೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತ ಕೂರದೆ ಎಲ್ಲರೂ ಹೊರಬರಬೇಕು, ಆಮೇಲೆ ವೈದ್ಯರ ನೆರವು ಪಡೆಯಬೇಕು. ‘ಸೀಮೆಎಣ್ಣೆ ವಾಸನೆ ಬರ್ತಿಲ್ಲ, ಹಾಗಾಗಿ ಅಪಾಯ ಇಲ್ಲ’ ಎಂಬ ತರ್ಕ ನಡೆಯುವುದಿಲ್ಲ. ಹಚ್ಚುವಾಗ, ಆರಿಸುವಾಗ ಬರುವ ಕಮಟು ಉರಿಯದ ಎಣ್ಣೆಯದು, ಕಾರ್ಬನ್ ಮಾನಾಕ್ಸೈಡಿನದಲ್ಲ.

ಮೂರು ಕಡೆ ಪರದೆ ಇಳಿಬಿಟ್ಟ ಚಪ್ಪರ, ಕಾರು, ವ್ಯಾನು, ಗಾಜು ಮುಚ್ಚಿದ ವೆರಾಂಡ, ಇವೆಲ್ಲ ಈ ಲೆಕ್ಕದಲ್ಲಿ ಒಳಾಂಗಣವೇ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಟ್ಟುಕೊಳ್ಳುವುದು ಒಳ್ಳೆಯದು, ಅದು ಒಳಗೆ ಉರಿಸಲು ಪರವಾನಗಿಯಲ್ಲ. ನಮ್ಮಲ್ಲಿ ಸೀಮೆಎಣ್ಣೆ ಹೀಟರಿನ ಬಳಕೆ ಅಪರೂಪವಾದರೂ, ಚಳಿಗೆ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿಗಳನ್ನು ಓದುತ್ತಲೇ ಇದ್ದೇವೆ. ಕೊಲ್ಲುವುದು ಅದೇ ಅನಿಲ. ಮಲೆನಾಡಿನ ಹೋಮ್‌ಸ್ಟೇಯ ಡೇರೆಗೆ ಕೆಂಡದ ಬಾಣಲೆ ಒಯ್ಯುವವರಿಗೂ ಈ ಮಾತು ಅನ್ವಯ.

ಇನ್ನೊಂದು ಸಣ್ಣ ಸಂಗತಿ: 200 ಮಿಲಿಲೀಟರ್ ಸೀಮೆಎಣ್ಣೆ ಉರಿದರೆ ಅಷ್ಟೇ ಪ್ರಮಾಣದ ನೀರು ಆವಿಯಾಗಿ ಹೊರಬರುತ್ತದೆ. ಡೇರೆಯೊಳಗೆ ಅದು ಹೋಗುವುದು ಹೊದಿಕೆಗೇ. ಬೆಳಗಿನ ಜಾವ ಹೀಟರ್ ಆರಿದ ಮೇಲೆ ಉಳಿಯುವುದು ತೇವ ಹಾಸಿಗೆ, ಮೊದಲಿಗಿಂತ ಹೆಚ್ಚು ಚಳಿ.

ಎಣ್ಣೆ, ಮತ್ತು ಹಳೆಯ ಭಾಗಗಳು

ಬ್ರಿಟನ್ನಿನಲ್ಲಿ ಸೀಮೆಎಣ್ಣೆಗೆ ಪ್ಯಾರಫಿನ್ ಎಂಬ ಹೆಸರು. ಒಂದು ಕಾಲಕ್ಕೆ ಎಸ್ಸೊ ಬ್ಲೂ, ಅಲಾಡಿನ್ ಪಿಂಕ್ ಎಂದು ಬಣ್ಣ ಬೆರೆಸಿ ಪೈಪೋಟಿಯಲ್ಲಿ ಮಾರುತ್ತಿದ್ದರು. ಬಣ್ಣಕ್ಕೂ ಶಾಖಕ್ಕೂ ಸಂಬಂಧವಿಲ್ಲ, ನಮ್ಮ ಪಡಿತರ ಸೀಮೆಎಣ್ಣೆಯ ನೀಲಿಯಂತೆ ಅದೂ ಗುರುತಿಗೆ ಮಾತ್ರ. ಗಮನಿಸಬೇಕಾದದ್ದು ದರ್ಜೆ. ಚಿಮಣಿಯಿಲ್ಲದ ಹೀಟರಿಗೆ ಗಂಧಕ ಕಡಿಮೆಯಿರುವ ಸಿ1 ದರ್ಜೆ ಬೇಕು. ಬಾಯ್ಲರಿಗೆ ಹಾಕುವ ಅಗ್ಗದ ಸಿ2 ಹೆಚ್ಚು ನಾರುತ್ತದೆ, ಕೊಳವೆಗೆ ಕರಿ ಕಟ್ಟಿಸುತ್ತದೆ. ‘ಬೇಗ ಹೊತ್ತಿಕೊಳ್ಳಲಿ’ ಎಂದು ಒಂದಿಷ್ಟು ಪೆಟ್ರೋಲ್ ಬೆರೆಸುವುದು ಹೀಟರನ್ನು ಬಾಂಬು ಮಾಡಿದಂತೆ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಎಣ್ಣೆ 35ರಿಂದ 40 ಡಿಗ್ರಿಯಾದರೂ ಕಾದಿರಬೇಕು, ಪೆಟ್ರೋಲಿಗೆ ಸೊನ್ನೆಗಿಂತ ಕೆಳಗಿನ 40 ಡಿಗ್ರಿಯೇ ಸಾಕು.

ಅರವತ್ತು ಎಪ್ಪತ್ತು ವರ್ಷ ಹಳೆಯ ಹೀಟರ್ ಕೊಂಡವರು ಹಚ್ಚುವ ಮೊದಲೇ ಎರಡು ವಿಷಯ ನೋಡಬೇಕು. ಒಂದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಆ ಕಾಲದ ಕೆಲವು ಬತ್ತಿ, ಗ್ಯಾಸ್ಕೆಟ್, ಸ್ಪಿರಿಟ್ ಅದ್ದಿ ಹಚ್ಚುವ ಇಕ್ಕಳದ ತುಂಡುಗಳಲ್ಲಿ ಅದು ಇರುತ್ತದೆ. ಒಣಗಿದ್ದಾಗ ಕೆರೆಯುವುದು, ಉಜ್ಜುವುದು ಕೂಡದು. ಸಂಶಯವಿದ್ದರೆ ಆ ಭಾಗವನ್ನು ಮುಟ್ಟದೆ ತಿಳಿದವರಿಗೆ ಒಪ್ಪಿಸಬೇಕು. ಇನ್ನೊಂದು ಟ್ಯಾಂಕು. ಹಿತ್ತಾಳೆ ಹಳತಾದಂತೆ ಕೂದಲೆಳೆಯ ಬಿರುಕು ಬಿಡುತ್ತದೆ. ಎಣ್ಣೆ ಹಾಕದೆ ಖಾಲಿ ಟ್ಯಾಂಕಿಗೆ ಮೆಲ್ಲಗೆ ಗಾಳಿ ತುಂಬಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಪಂಕ್ಚರ್ ಅಂಗಡಿಯವರು ಟ್ಯೂಬು ನೋಡುವುದು ಹೀಗೇ ಅಲ್ಲವೇ? ಗುಳ್ಳೆ ಮುಚ್ಚಳದಿಂದ ಬಂದರೆ ವಾಷರ್ ಬದಲಿಸಿದರಾಯಿತು. ಟ್ಯಾಂಕಿನ ಮೈಯಿಂದ, ಬೆಸುಗೆಯಿಂದ ಬಂದರೆ ಆ ಹೀಟರ್ ಷೋಕೇಸಿಗೆ ಮಾತ್ರ.