ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಬೇಸಾಯ

ಆಗ್ನೇಯ ಏಷ್ಯಾ ಮೂಲದ ಈ ಹಣ್ಣಿನ ಬೆಳೆಗಳಿಗೆ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳ ತೇವಭರಿತ ಹವಾಗುಣವು ಸೂಕ್ತವಾಗಿದೆ.

ಸಸಿಗಳ ಆಯ್ಕೆ: ಬೀಜದಿಂದ ಬೆಳೆಸಿದ ರಂಬುಟಾನ್ ಗಿಡಗಳಲ್ಲಿ ಅನೇಕವು ಗಂಡು ಮರಗಳಾಗಿ ಫಲ ನೀಡುವುದಿಲ್ಲ, ಹೂ ಬಿಡುವವರೆಗೆ ಇದು ತಿಳಿಯುವುದೂ ಇಲ್ಲ. ವರ್ಷಗಳ ಶ್ರಮ ವ್ಯರ್ಥವಾಗದಂತೆ ಕಸಿ ಸಸಿಗಳನ್ನೇ ನೆಡತಕ್ಕದ್ದು. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ‘ಅರ್ಕಾ ಕೂರ್ಗ್ ಅರುಣ್’ ತಳಿಯನ್ನು ಅಭಿವೃದ್ಧಿಪಡಿಸಿದೆ. ಮ್ಯಾಂಗೋಸ್ಟೀನ್ ಬೀಜದ ಗಿಡವು ತಾಯಿ ಮರವನ್ನೇ ಹೋಲುತ್ತದೆ. ಆದರೆ ಫಲಕ್ಕೆ 7ರಿಂದ 10 ವರ್ಷ ಕಾಯಬೇಕಾಗುತ್ತದೆ.

ಆರೈಕೆ: ಎಳೆಯ ಮ್ಯಾಂಗೋಸ್ಟೀನ್ ಗಿಡಗಳಿಗೆ ನೆರಳು ಅಗತ್ಯ. ಬೆಳೆದ ರಂಬುಟಾನ್ ಮರಕ್ಕೆ ಪೂರ್ಣ ಬಿಸಿಲು ಬೇಕಾಗಿರುವುದರಿಂದ ದಟ್ಟ ಅಡಿಕೆ ತೋಟದ ಒಳಗೆ ನೆಡಬಾರದು. ಬೇಸಿಗೆಯಲ್ಲಿ ನೀರು ಹಾಗೂ ತರಗೆಲೆಯ ಹೊದಿಕೆ ಒದಗಿಸಬೇಕು.

ಕೊಯ್ಲು: ರಂಬುಟಾನ್ ಕಿತ್ತ ನಂತರ ಹಣ್ಣಾಗುವುದಿಲ್ಲ. ಪೂರ್ಣ ಬಣ್ಣ ಬಂದ ಮೇಲೆಯೇ ಗೊಂಚಲುಗಳನ್ನು ಕೊಯ್ಯಬೇಕು.