ದೊಡ್ಡಿಯ ದನ, ಬೀಗದ ಕಾರು

ಹಳೆಯ ಕಾಯಿದೆಗಳನ್ನು ಓದುವುದು ನನಗೊಂದು ಚಾಳಿ. ಹಾಗೆ ಓದುವಾಗ 1871ರ ಜಾನುವಾರು ಅತಿಕ್ರಮ ಕಾಯಿದೆ ಕೈಗೆ ಬಂತು. ನಮ್ಮ ಹಳ್ಳಿಗಳ ದೊಡ್ಡಿ ನಡೆದದ್ದು ಇದರ ಮೇಲೆಯೇ. ಬೆಳೆ ಹಾಳುಮಾಡುತ್ತಿರುವ ದನವನ್ನು ಹೊಲದವನು ಹಿಡಿಯಬಹುದು. ಆದರೆ ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ಕೂರುವಂತಿಲ್ಲ. 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬೇಕು. ದಂಡ ಎಷ್ಟೆಂದು ಅವನು ಹೇಳುವಂತಿಲ್ಲ, ಅದನ್ನು ಗೊತ್ತುಮಾಡುವುದು ಸರ್ಕಾರ. ಸುಮ್ಮಸುಮ್ಮನೆ ಹಿಡಿದನೆನ್ನಿ, ದನದ ಒಡೆಯ 10 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು.

ಈ ಕಾಯಿದೆಯ ಬೇರು ಇಂಗ್ಲೆಂಡಿನ ಹಳೆಯ ರೂಢಿಯಲ್ಲಿದೆ. ತನ್ನ ನೆಲಕ್ಕೆ ನುಗ್ಗಿ ನಷ್ಟಮಾಡಿದ ಪರರ ಸೊತ್ತನ್ನು, ನಷ್ಟ ತುಂಬಿಕೊಡುವ ತನಕ, ಹಿಡಿದಿಟ್ಟುಕೊಳ್ಳುವ ಹಕ್ಕು ಅದು. ದನಗಳ ಮಟ್ಟಿಗೆ 1971ರಲ್ಲಿ ಅಲ್ಲಿ ಹೊಸ ಕಾಯಿದೆಯೇ ಬಂತು. ಆದರೆ ಆ ಹೊತ್ತಿಗೆ ಕಂಡವರ ಅಂಗಳಕ್ಕೆ ನುಗ್ಗುತ್ತಿದ್ದದ್ದು ದನಗಳಿಗಿಂತ ಹೆಚ್ಚಾಗಿ ಕಾರುಗಳು.

ಕಾರನ್ನು ಕಟ್ಟಿಹಾಕುವ ಉಪಾಯ ಹುಟ್ಟಿದ್ದು ಅಮೆರಿಕದ ಡೆನ್ವರ್ ನಗರದಲ್ಲಿ. ಫ್ರಾಂಕ್ ಮಾರಗ್ ಎಂಬ ಪಿಟೀಲು ವಾದಕ ಮಾಡಿಕೊಟ್ಟ ಗಾಲಿಬೀಗವನ್ನು ಅಲ್ಲಿನ ಪೊಲೀಸರು 1955ರಲ್ಲಿ ಬಳಸತೊಡಗಿದರು. ಪಿಟೀಲು ನುಡಿಸುವ ಕೈಗೆ ಇಂಥ ಬುದ್ಧಿ ಹೇಗೆ ಬಂತೋ! 1983ರಲ್ಲಿ ಅದು ಲಂಡನ್ನಿನ ಬೀದಿಗೂ ಇಳಿಯಿತು. ಪೊಲೀಸರ ಕೈಯಲ್ಲಿ ಇರುವ ತನಕ ಅದರ ಮಾತು ಬೇರೆ. ಖಾಸಗಿಯವರು ತಮ್ಮ ನೆಲದಲ್ಲಿ ಒಂದು ಫಲಕ ನೆಟ್ಟು, ತಾವೇ ಬೀಗ ಹಾಕಿ, ತಾವೇ ದರ ಹೇಳಿ ಹಣ ಎಣಿಸಿಕೊಳ್ಳತೊಡಗಿದಾಗ ಜಗಳ ಕೋರ್ಟಿಗೆ ಹೋಯಿತು. ಹೊಲದವನೇ ದೊಡ್ಡಿಯವನೂ ಆಗಿಬಿಟ್ಟಿದ್ದ, ನೋಡಿ.

1992ರಲ್ಲಿ ಸ್ಕಾಟ್ಲೆಂಡಿನ ಹೈಕೋರ್ಟು ಸುತ್ತಿಬಳಸದೆ ಮಾತಾಡಿತು. ಪರರ ವಾಹನ ಹಿಡಿದಿಟ್ಟು ಹಣ ಕೇಳುವುದು ಸುಲಿಗೆ. ಒಡೆಯನಿಗೆ ತನ್ನ ವಾಹನ ಬಳಸಲಾಗದಂತೆ ಮಾಡುವುದು ಕಳವೂ ಆಗಬಹುದು. ಫಲಕ ನೆಟ್ಟಿದ್ದೆವು ಎಂಬ ನೆಪ ನಡೆಯಲಿಲ್ಲ.

ಇಂಗ್ಲೆಂಡು ಮಾತ್ರ ಬೇರೆ ಹಾದಿ ಹಿಡಿಯಿತು. ಕಾರ್ನ್‌ವಾಲ್ ಸೀಮೆಯ ಟ್ರೂರೋ ಊರಲ್ಲಿ ಒಬ್ಬನ ಕಾರಿಗೆ ಬೀಗ ಬಿತ್ತು, ಬಿಡಿಸಲು 40 ಪೌಂಡು ಕೇಳಿದರು. ಅವನು ಕೊಡಲಿಲ್ಲ. 1995ರಲ್ಲಿ ಮೇಲ್ಮನವಿ ನ್ಯಾಯಾಲಯದ ಸರ್ ಥಾಮಸ್ ಬಿಂಗ್‌ಹ್ಯಾಮ್ ಅವರು, ದನ ಹಿಡಿಯುವ ಹಳೆಯ ಹಕ್ಕು ಇಲ್ಲಿಗೆ ಹೊಂದದು, ನಿಂತ ಕಾರಿನಿಂದ ನಷ್ಟವೇನೂ ಆಗಿಲ್ಲವಲ್ಲ ಎಂದರು. ಆದರೂ ಗೆದ್ದದ್ದು ಬೀಗದವರೇ. ಫಲಕ ಓದಿಯೂ ಕಾರು ನಿಲ್ಲಿಸಿದವನು ಬೀಗಕ್ಕೆ ಒಪ್ಪಿದಂತೆಯೇ, ಎಂಬುದು ತರ್ಕ. ಅದಕ್ಕೆ ಕೆಲವು ಕಟ್ಟುಗಳನ್ನೂ ಹಾಕಿದರು: ದರ ವಿಪರೀತವಾಗಿರಬಾರದು, ಹಣ ಕೊಡಲು ಬಂದವನನ್ನು ಕಾಯಿಸಬಾರದು, ಬೀಗದವನನ್ನು ಹುಡುಕಿಕೊಳ್ಳಲು ದಾರಿಯಿರಬೇಕು. ನನಗೆ ಈ 'ಒಪ್ಪಿಗೆ' ಎಂಬ ಮಾತು ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಬೇಲಿಯ ಹತ್ತಿರ ಹೋದ ಎಮ್ಮೆ ದೊಡ್ಡಿಗೆ ಒಪ್ಪಿತ್ತು ಎಂದ ಹಾಗಾಯಿತು.

2000ದಲ್ಲಿ ಬಂದ ಮೊಕದ್ದಮೆ ಈ ತರ್ಕದ ಬಡತನವನ್ನು ತೋರಿಸಿತು. ಲಂಡನ್ನಿನಲ್ಲಿ ಒಬ್ಬ ಹೆಂಗಸು ಮೈ ಸರಿಯಿಲ್ಲದೆ, ವಾಂತಿ ಬಂದು, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದಳು. ನಾಲ್ಕು ನಿಮಿಷದಲ್ಲಿ ಮರಳಿದರೆ ಗಾಲಿಗೆ ಬೀಗ! ಫಲಕಕ್ಕೆ ಬೇರೊಂದು ವಾಹನ ಅಡ್ಡ ನಿಂತಿತ್ತು. ಕಾಣದ ಫಲಕಕ್ಕೆ ಒಪ್ಪಿಗೆ ಎಲ್ಲಿಂದ ಬರಬೇಕು? ನ್ಯಾಯಾಲಯ ಅವಳ ಪರ ನಿಂತಿತು.

ಮುಂದೆ ಬೀಗ ಹಾಕುವವರಿಗೆ ಲೈಸೆನ್ಸು ಕೊಟ್ಟು ನೋಡಿದರು, ದೂರು ನಿಲ್ಲಲಿಲ್ಲ. ಕೊನೆಗೆ 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಕಾನೂನಿನ ಅಧಿಕಾರವಿಲ್ಲದೆ ಗಾಲಿಗೆ ಬೀಗ ಹಾಕುವುದು ಅಪರಾಧವಾಯಿತು. ಚಾಲಕನ ಒಪ್ಪಿಗೆ, ಬಾಯಿಬಿಟ್ಟು ಹೇಳಿದ್ದಾದರೂ ಸರಿ, ಅಂಥ ಅಧಿಕಾರವಲ್ಲ ಎಂದು ಕಾಯಿದೆಯಲ್ಲೇ ಬರೆದರು. ಆದರೆ ನೆಲದ ಒಡೆಯರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಚಾಲಕ ಯಾರೆಂದು ತಿಳಿಯದಿದ್ದರೆ, ಕೆಲವು ಷರತ್ತುಗಳ ಮೇಲೆ, ವಾಹನ ಯಾರ ಹೆಸರಲ್ಲಿ ದಾಖಲಾಗಿದೆಯೋ ಅವರಿಂದಲೇ ನಿಲುಗಡೆಯ ಬಾಕಿ ವಸೂಲು ಮಾಡಬಹುದು. ಬೀಗ ಹೋಗಿ ಅಂಚೆಯಲ್ಲಿ ನೋಟೀಸು ಬಂತು.

ನಮ್ಮಲ್ಲಿ ಹೇಗೆ? 1988ರ ಮೋಟಾರು ವಾಹನ ಕಾಯಿದೆಯ 127ನೇ ಕಲಮಿಗೆ 1994ರಲ್ಲಿ ತಿದ್ದುಪಡಿಯಾಯಿತು. ನಿಷೇಧವಿರುವ ಕಡೆ ನಿಲ್ಲಿಸಿದ, ಅಥವಾ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆಗೂ ಮೇಲೆ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಬಹುದು, ಗಾಲಿಗೆ ಬೀಗವನ್ನೂ ಹಾಕಬಹುದು. ಆದರೆ ಅಪ್ಪಣೆ ಕೊಡಬೇಕಾದವನು ಆ ಸರಹದ್ದಿನ ಪೊಲೀಸ್ ಅಧಿಕಾರಿ; ಅದೂ ಸಮವಸ್ತ್ರದಲ್ಲಿ ಇರುವವನು. ಪಟ್ಟಣದ ಒಂದು ಅಂಗಡಿ ಸಾಲಿನೆದುರು ನನ್ನ ಸ್ಕೂಟರಿಗೆ ಸರಪಳಿ ಬಿಗಿದು 200 ರೂಪಾಯಿ ಕೇಳಿದ ಕಾವಲುಗಾರನೂ ಸಮವಸ್ತ್ರದಲ್ಲೇ ಇದ್ದ. ಅದರ ತೋಳಿನ ಮೇಲೆ ಇದ್ದದ್ದು ಯಾವುದೋ ಕಂಪನಿಯ ಹೆಸರು. ರಸೀದಿ ಕೇಳಿದೆ, ರಸೀದಿ ಪುಸ್ತಕ ಇರಲಿಲ್ಲ.