ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳು ಮತ್ತು ಅವುಗಳ ಮರುಬಣ್ಣದ ಆವೃತ್ತಿಗಳು

ಕಾರು, ಲಾರಿ, ವಿಮಾನ, ಪಿಸ್ತೂಲು, ಕ್ಯಾಸೆಟ್ ರೆಕಾರ್ಡರ್ ಇವುಗಳ ರೂಪದಲ್ಲಿದ್ದು, ಭಾಗಗಳನ್ನು ಮಡಚಿ ತಿರುಗಿಸಿದರೆ ರೋಬೋಟ್ ಆಗುವ ಆಟಿಕೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಟ್ರಾನ್ಸ್‌ಫಾರ್ಮರ್ಸ್. ಜಪಾನಿನ ಟಕಾರಾ ಕಂಪನಿಯ ಅಚ್ಚುಗಳನ್ನು ಪಡೆದು ಅಮೆರಿಕದ ಹ್ಯಾಸ್ಬ್ರೊ 1984ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಒಂದೇ ಅಚ್ಚಿನ ಆಟಿಕೆಯನ್ನು ಬೇರೆ ಬಣ್ಣದಲ್ಲಿ, ಹೆಚ್ಚಾಗಿ ಬೇರೆ ಹೆಸರಿನಲ್ಲಿ ಮತ್ತೆ ಮಾರುವುದು ಈ ಸರಣಿಯಲ್ಲಿ ಮೊದಲ ವರ್ಷದಿಂದಲೂ ಇದೆ. ಸಂಗ್ರಾಹಕರು ಇಂಥದ್ದನ್ನು ರೀಪೇಂಟ್ ಅಥವಾ ರೀಡೆಕೊ ಎನ್ನುತ್ತಾರೆ. ತಲೆ, ರೆಕ್ಕೆಯಂಥ ಕೆಲವು ಭಾಗಗಳ ಅಚ್ಚನ್ನೇ ಬದಲಿಸಿದ್ದರೆ ಅದು ರೀಟೂಲ್. ಮರುಬಣ್ಣದ ಆಟಿಕೆ ಎಂದರೆ ಕಂಪನಿಯ ಕಾಸುಳಿಸುವ ಉಪಾಯ ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ಆ ಮಾತಿನಲ್ಲಿ ನಿಜವಿದೆ, ಆದರೆ ಅರ್ಧ ಮಾತ್ರ. ಈ ಆಟಿಕೆಗಳ ಅಚ್ಚುಮೆಚ್ಚಿನ ಎಷ್ಟೋ ಪಾತ್ರಗಳು ಹುಟ್ಟಿದ್ದೇ ಬಣ್ಣ ಬದಲಾದದ್ದರಿಂದ.

ಟಕಾರಾ 1974ರಲ್ಲಿ ಮೈಕ್ರೊಮ್ಯಾನ್, 1980ರಲ್ಲಿ ಡಯಾಕ್ಲೋನ್ ಎಂಬ ಸರಣಿಗಳನ್ನು ಆರಂಭಿಸಿತು. ಡಯಾಕ್ಲೋನ್‌ನ ಕಾರುಗಳಿಗೆ ಕಾಲಡಿಯಲ್ಲಿ ಅಯಸ್ಕಾಂತವಿದ್ದ, ಸುಮಾರು 3 ಸೆಂಟಿಮೀಟರ್ ಎತ್ತರದ ಪುಟ್ಟ ಚಾಲಕರಿದ್ದರು. ರೋಬೋಟ್ ಅವರು ನಡೆಸುವ ಯಂತ್ರವೇ ಹೊರತು ಅದಕ್ಕೆ ತನ್ನದೇ ಜೀವವಿರಲಿಲ್ಲ. ಮೈಕ್ರೊಮ್ಯಾನ್‌ನ ಒಂದು ಕವಲಾಗಿ 1983ರಲ್ಲಿ ಬಂದ ಮೈಕ್ರೊ ಚೇಂಜ್‌ನಲ್ಲಿ ಮನೆಯಲ್ಲಿ ಕಾಣುವ ವಸ್ತುಗಳೇ ರೋಬೋಟ್ ಆಗುತ್ತಿದ್ದವು. ವಾಲ್ಥರ್ ಪಿ-38 ಪಿಸ್ತೂಲು ಮುಂದೆ ಮೆಗಾಟ್ರಾನ್ ಆಯಿತು, ಪುಟ್ಟ ಕ್ಯಾಸೆಟ್ ರೆಕಾರ್ಡರ್ ಸೌಂಡ್‌ವೇವ್ ಆಯಿತು, ಫೋಕ್ಸ್‌ವ್ಯಾಗನ್ ಬೀಟಲ್ ಬಂಬಲ್‌ಬೀ ಆಯಿತು. ಡಯಾಕ್ಲೋನ್‌ನಲ್ಲಿ ಒಂದೇ ಕಾರನ್ನು ಸಾದಾ ಬಣ್ಣದಲ್ಲೂ ಪೊಲೀಸ್ ಕಾರಿನ ಬಣ್ಣದಲ್ಲೂ ಮಾರುವ ಪದ್ಧತಿ ಆಗಲೇ ಇತ್ತು. ಆದರೆ ಬಣ್ಣ ಬದಲಾದರೆ ಅದು ಇನ್ನೊಂದು ಕಾರು, ಅಷ್ಟೇ.

ಇದನ್ನು ಬದಲಿಸಿದ್ದು ಅಮೆರಿಕದವರು. ಜಪಾನಿನ ಈ ಆಟಿಕೆಗಳನ್ನು ಒಂದೇ ಹೆಸರಿನಡಿ ತರುವಂತೆ ಹ್ಯಾಸ್ಬ್ರೊವನ್ನು ಒಪ್ಪಿಸಿದವರಲ್ಲಿ ಮುಖ್ಯರು ಹೆನ್ರಿ ಒರೆನ್‌ಸ್ಟೀನ್. ಪೋಲೆಂಡಿನಲ್ಲಿ ಹುಟ್ಟಿ, ನಾಟ್ಸಿ ಯಾತನಾ ಶಿಬಿರಗಳಿಂದ ಬದುಕಿ ಬಂದು, ಅಮೆರಿಕದಲ್ಲಿ ಆಟಿಕೆ ಉದ್ಯಮಿಯಾದವರು ಅವರು. ಕತೆ ಕಟ್ಟುವ ಕೆಲಸ ಮಾರ್ವೆಲ್ ಕಾಮಿಕ್ಸ್ ಪಾಲಿಗೆ ಬಂತು. ಹಿನ್ನೆಲೆಯನ್ನು ಜಿಮ್ ಶೂಟರ್ ಹೆಣೆದರು, ಬಹುಪಾಲು ಪಾತ್ರಗಳ ಹೆಸರು ಮತ್ತು ಸ್ವಭಾವವನ್ನು ಬಾಬ್ ಬುಡಿಯಾನ್‌ಸ್ಕಿ ಬರೆದರು. ನಾಯಕ ಪಾತ್ರದ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಮಾತ್ರ ಡೆನಿಸ್ ಒನೀಲ್ ಅವರದು. ಚಾಲಕರು ಮಾಯವಾಗಿ, ಎರಡು ಪಕ್ಷಗಳಾಗಿ ಕಾದಾಡುವ ರೋಬೋಟ್‌ಗಳೇ ಮಾತಾಡುವ, ಸಿಟ್ಟಾಗುವ, ಹೆದರುವ ಜೀವಿಗಳಾದವು. ಪ್ರತಿ ಡಬ್ಬಿಯ ಹಿಂದೆ ಆ ಪಾತ್ರದ ಗುಣಾವಗುಣಗಳ ಚೀಟಿ. ಅದರ ಮೇಲಿನ ಬಲ, ಬುದ್ಧಿ, ಧೈರ್ಯದ ಅಂಕಿಗಳನ್ನು ಓದಲು ಜೊತೆಗೆ ಕೊಟ್ಟ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಮೇಲಿಟ್ಟು ನೋಡಬೇಕಿತ್ತು. ಈ ಚೀಟಿಯಿಂದಾಗಿ, ಬಣ್ಣ ಬೇರೆಯಾದರೆ ವ್ಯಕ್ತಿಯೂ ಬೇರೆ ಎಂದಾಯಿತು.

ಇದಕ್ಕೆ ಅತ್ಯುತ್ತಮ ನಿದರ್ಶನ ಎಫ್-15 ಯುದ್ಧವಿಮಾನದ ಅಚ್ಚು. 1984ರಲ್ಲೇ ಅದರಿಂದ ಮೂವರು ಬಂದರು: ಬೂದು-ಕೆಂಪಿನ ಸ್ಟಾರ್‌ಸ್ಕ್ರೀಮ್, ನೀಲಿಯ ಥಂಡರ್‌ಕ್ರ್ಯಾಕರ್, ಕಪ್ಪು-ನೇರಳೆಯ ಸ್ಕೈವಾರ್ಪ್. ಮೊದಲನೆಯವ ನಾಯಕನ ಗದ್ದುಗೆಗೆ ಹೊಂಚುಹಾಕುವವ, ಇನ್ನೊಬ್ಬ ತನ್ನ ಪಕ್ಷದ ಬಗ್ಗೆಯೇ ಒಳಗೊಳಗೆ ಸಂಶಯ ಇಟ್ಟುಕೊಂಡವ, ಮೂರನೆಯವ ಕೀಟಲೆಯ ಕುಹಕಿ. ಮರುವರ್ಷ ರೆಕ್ಕೆಗಳನ್ನು ಬದಲಿಸಿ ರ‍್ಯಾಮ್‌ಜೆಟ್, ಥ್ರಸ್ಟ್, ಡರ್ಜ್ ಎಂಬ ಇನ್ನೂ ಮೂವರನ್ನು ಮಾಡಿದರು. ಕುತೂಹಲದ ಸಂಗತಿ ನಡೆದದ್ದು ಆಮೇಲೆ. 1984ರ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ಮೊದಲ ಕಂತುಗಳಲ್ಲಿ ಹಿನ್ನೆಲೆ ತುಂಬಲು ಹಳದಿ, ಹಸಿರು ಬಣ್ಣದ ಹೆಸರಿಲ್ಲದ ವಿಮಾನಗಳನ್ನು ಬರೆದಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಅಭಿಮಾನಿಗಳು ಅವನ್ನು ಮರೆಯಲಿಲ್ಲ. ಸುಮಾರು ಎರಡು ದಶಕದ ಬಳಿಕ ಹಳದಿಯದು ಸನ್‌ಸ್ಟಾರ್ಮ್ ಎಂದೂ ಹಸಿರಿನದು ಆ್ಯಸಿಡ್ ಸ್ಟಾರ್ಮ್ ಎಂದೂ ನಾಮಕರಣಗೊಂಡು ಅಂಗಡಿಗೆ ಬಂದವು. ಚಿತ್ರಕಾರರು ಹಿನ್ನೆಲೆಗೆ ಬಳಿದಿದ್ದ ಬಣ್ಣಕ್ಕೆ ಹೀಗೆ ಹೆಸರು, ಕತೆ, ಬೆಲೆ ಎಲ್ಲವೂ ಬಂತು.

ಬ್ಲೂಸ್ಟ್ರೀಕ್‌ನದು ಬೇರೆ ಬಗೆಯ ಒಗಟು. ಪ್ರೌಲ್, ಬ್ಲೂಸ್ಟ್ರೀಕ್, 1985ರ ಸ್ಮೋಕ್‌ಸ್ಕ್ರೀನ್ ಮೂರೂ ಡಾಟ್ಸನ್ ಫೇರ್‌ಲೇಡಿ ಝಡ್ ಕಾರಿನ ಅಚ್ಚಿನವು. ಬ್ಲೂಸ್ಟ್ರೀಕ್ ಡಬ್ಬಿಯ ಮೇಲಿನ ಚಿತ್ರದಲ್ಲಿ ನೀಲಿ ಬಣ್ಣವಿದೆ, ಒಳಗಿರುವ ಕಾರು ಬೆಳ್ಳಿ ಬಣ್ಣದ್ದು. ನೀಲಿಯದನ್ನು ಹುಡುಕುತ್ತ ಸಂಗ್ರಾಹಕರು ವರ್ಷಗಟ್ಟಲೆ ಅಲೆದಿದ್ದಾರೆ. 1986ರ ಅಲ್ಟ್ರಾ ಮ್ಯಾಗ್ನಸ್‌ನ ಕವಚ ಬಿಚ್ಚಿದರೆ ಒಳಗೆ ಸಿಗುವುದು ಆಪ್ಟಿಮಸ್ ಪ್ರೈಮ್‌ನದೇ ಲಾರಿ, ಅಪ್ಪಟ ಬಿಳಿಯಲ್ಲಿ. ಅದೇ ವರ್ಷದ ಟ್ರಾನ್ಸ್‌ಫಾರ್ಮರ್ಸ್ ಚಲನಚಿತ್ರ ಈ ಬಿಳಿಯ ಒಳರೂಪವನ್ನು ತೋರಿಸಲೇ ಇಲ್ಲ. ಹಾಗಾಗಿ ಚಿತ್ರ ನೋಡಿ ಆಟಿಕೆ ಕೊಂಡ ಮಕ್ಕಳಿಗೆ ಒಂದೇ ಡಬ್ಬಿಯಲ್ಲಿ ಇಬ್ಬರು ಸಿಕ್ಕರು.

ಕಾರ್ಖಾನೆಯ ಲೆಕ್ಕ ಸರಳ. ಉಕ್ಕಿನ ಅಚ್ಚು ಕೆತ್ತಿಸುವುದು ಈ ಉದ್ಯಮದ ದೊಡ್ಡ ಖರ್ಚು. ಅದೇ ಅಚ್ಚಿಗೆ ಬೇರೆ ಬಣ್ಣದ ಪ್ಲಾಸ್ಟಿಕ್ ಹಾಕುವುದು ಅದರ ಮುಂದೆ ಏನೂ ಅಲ್ಲ. ಆದರೆ ಬಣ್ಣವನ್ನು ಬೇಕಾದ ಹಾಗೆ ಹಂಚಲು ಆಗದು. ಹತ್ತಾರು ಭಾಗಗಳು ಒಂದೇ ಚೌಕಟ್ಟಿನಲ್ಲಿ ಒಟ್ಟಿಗೆ ಎರಕಗೊಳ್ಳುತ್ತವೆ, ಆ ಚೌಕಟ್ಟಿಗೆ ಒಂದೇ ಬಣ್ಣ. ಮುಷ್ಟಿಯೂ ಮೊಣಕಾಲೂ ಒಂದು ಚೌಕಟ್ಟಿನಲ್ಲಿದ್ದರೆ ಮುಷ್ಟಿ ಕಪ್ಪಾದಾಗ ಮೊಣಕಾಲೂ ಕಪ್ಪಾಗಲೇಬೇಕು, ಇಲ್ಲವೇ ಮೇಲಿಂದ ಬಣ್ಣ ಬಳಿಯುವ ಹೆಚ್ಚಿನ ಖರ್ಚು ಹೊರಬೇಕು. ಪಳಗಿದ ಸಂಗ್ರಾಹಕ ಒಂದು ಮರುಬಣ್ಣವನ್ನು ನೋಡಿದೊಡನೆ ಯಾವ ಭಾಗಗಳು ಒಡಹುಟ್ಟಿದವು ಎಂದು ಗುರುತಿಸುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ವಿನ್ಯಾಸಕರು ಅಚ್ಚು ತಯಾರಾಗುವಾಗಲೇ ಎರಡನೆಯ, ಮೂರನೆಯ ಪಾತ್ರಕ್ಕೂ ಜಾಗ ಬಿಟ್ಟಿರುತ್ತಾರೆ.

ಅಚ್ಚುಗಳು ದೇಶ ದಾಟಿದಾಗ ಬಣ್ಣಗಳೂ ಬದಲಾದವು. ಬ್ರೆಜಿಲ್‌ನ ಎಸ್ಟ್ರೇಲಾ, ಅರ್ಜೆಂಟೀನಾದ ಆಂಟೆಕ್ಸ್, ಮೆಕ್ಸಿಕೊದ ಐಜಿಎ ಕಂಪನಿಗಳ ಪುಟ್ಟ ರೋಬೋಟ್‌ಗಳು ಅಮೆರಿಕದಲ್ಲಿ ಕಾಣದ ಬಣ್ಣಗಳಲ್ಲಿ ಬಂದವು. ಇವು ಇಂದು ಸಂಗ್ರಾಹಕರ ದುಬಾರಿ ಹಂಬಲಗಳ ಪೈಕಿ. ಭಾರತದಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್ಬ್ರೊ ಜೊತೆಗೂಡಿ ಕಟ್ಟಿದ ಫನ್‌ಸ್ಕೂಲ್ 1987ರಲ್ಲಿ ಶುರುವಾಯಿತು. ಅದರ ಗೋವಾ ಕಾರ್ಖಾನೆಯಲ್ಲಿ ಹ್ಯಾಸ್ಬ್ರೊವಿನದೇ ಇನ್ನೊಂದು ಸರಣಿಯಾದ ಜಿ.ಐ. ಜೋ ಸೈನಿಕರು ಇಲ್ಲಿನದೇ ಬಣ್ಣಗಳಲ್ಲಿ ತಯಾರಾದರು, ಅವಕ್ಕೂ ವಿದೇಶದಲ್ಲಿ ಹುಡುಕಾಟವಿದೆ.

ಅಮೆರಿಕದಲ್ಲಿ ಮೊದಲ ಸರಣಿ 1990ರಲ್ಲಿ ನಿಂತಿತು. 1993ರಲ್ಲಿ ಜನರೇಷನ್ 2 ಎಂಬ ಹೆಸರಲ್ಲಿ ಹಳೆಯ ಅಚ್ಚುಗಳೇ ಕಣ್ಣು ಕುಕ್ಕುವ ಬಣ್ಣ ತೊಟ್ಟು ಬಂದವು. ಹಸಿರಾಗಿದ್ದ ಕನ್‌ಸ್ಟ್ರಕ್ಟಿಕಾನ್ ಎಂಬ ರೋಬೋಟ್‌ಗಳು ಹಳದಿಯಾದವು, ಆಮೇಲೆ ಕಿತ್ತಳೆಯೂ ಆದವು. ಆಗ ಮೂಗು ಮುರಿದವರು ಬಹಳ, ಆದರೆ ಆ ಕಾಲದ ಧೈರ್ಯ ನನಗೆ ಮೆಚ್ಚುಗೆ. 1995ರಲ್ಲಿ ಬಂದ ಟ್ಯಾಂಕರ್ ಲಾರಿಯ ಲೇಸರ್ ಆಪ್ಟಿಮಸ್ ಪ್ರೈಮ್ ಆ ಹೊತ್ತಿನ ಅತ್ಯುತ್ತಮ ಅಚ್ಚು. 2000ದಲ್ಲಿ ಜಪಾನಿನಲ್ಲಿ ಅದಕ್ಕೆ ಕಪ್ಪು ಬಣ್ಣ ಬಳಿದು ಬ್ಲ್ಯಾಕ್ ಕಾನ್ವಾಯ್ ಎಂದರು, ಮರುವರ್ಷ ಅಮೆರಿಕದಲ್ಲಿ ಅದು ಸ್ಕರ್ಜ್ ಆಯಿತು. ನಾಯಕನ ಮುಖ ಹೊತ್ತ ಈ ಕಪ್ಪು ಖಳ ಎಷ್ಟು ನಾಟಿದನೆಂದರೆ, ನಂತರದ ಹಲವು ಸರಣಿಗಳಲ್ಲಿ ಆಪ್ಟಿಮಸ್‌ಗೊಬ್ಬ ಕಪ್ಪು ಜೋಡಿ ಬರುವುದು ವಾಡಿಕೆಯಾಯಿತು.

ಸಂಗ್ರಾಹಕರು ಒಂದೆಡೆ ಸೇರುವ ಬಾಟ್‌ಕಾನ್ 1994ರಲ್ಲಿ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಆರಂಭವಾಯಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಿಕೆಗಳು ಹೆಚ್ಚಾಗಿ ಮರುಬಣ್ಣದವೇ ಆಗಿದ್ದವು. 2007ರ ಸಮಾವೇಶದಲ್ಲಿ ಬಂಬಲ್‌ಬೀ ಅಚ್ಚಿಗೆ ಬಿಳಿ ಬಣ್ಣ ಕೊಟ್ಟು ಬಗ್ ಬೈಟ್ ಎಂದು ಕರೆದರು. ಆ ಹೆಸರು ಒಂದು ಕಾಲದ ಎದುರಾಳಿ ಸರಣಿಯಾದ ಟೊಂಕಾದ ಗೋಬಾಟ್ಸ್‌ನದು. ಹ್ಯಾಸ್ಬ್ರೊ 1991ರಲ್ಲಿ ಟೊಂಕಾವನ್ನೇ ಕೊಂಡಿತ್ತು. ಜಪಾನಿನ ಇ-ಹಾಬಿ ಅಂಗಡಿ ಡಯಾಕ್ಲೋನ್ ಕಾಲದ ಬಣ್ಣಗಳನ್ನು ಮರಳಿ ತಂದು ಹೊಸ ಹೆಸರು ಕೊಟ್ಟಿತು. ಟ್ರ್ಯಾಕ್ಸ್ ಎಂಬ ಪಾತ್ರದ ಕಾರ್ವೆಟ್ ಕಾರು ಡಯಾಕ್ಲೋನ್‌ನ ಕೆಂಪಿನಲ್ಲಿ ಬಂದಾಗ ರೋಡ್ ರೇಜ್ ಆಯಿತು.

ಬಣ್ಣಕ್ಕೆ ಎಷ್ಟು ತೂಕವಿದೆ ಎಂಬುದು ದೊಡ್ಡವರಿಗೆಂದೇ ರೂಪಿಸಿದ ಮಾಸ್ಟರ್‌ಪೀಸ್ ಸರಣಿಯಲ್ಲಿ ಸ್ಪಷ್ಟವಾಯಿತು. 2006ರಲ್ಲಿ ಟಕಾರಾ ಟೋಮಿ (ಟಕಾರಾದ ಹೊಸ ಹೆಸರು) ತಂದ ಸ್ಟಾರ್‌ಸ್ಕ್ರೀಮ್‌ಗೆ ನಿಜವಾದ ಯುದ್ಧವಿಮಾನದ ಹಸಿರು ಮಿಶ್ರಿತ ಬೂದು ಬಣ್ಣವಿತ್ತು. ಅದು ಅನೇಕರಿಗೆ ಹಿಡಿಸಲಿಲ್ಲ. ಅವರಿಗೆ ಬೇಕಾದದ್ದು ಕಾರ್ಟೂನಿನ ಸ್ಟಾರ್‌ಸ್ಕ್ರೀಮ್. ಹ್ಯಾಸ್ಬ್ರೊ ಅಮೆರಿಕದಲ್ಲಿ ಅದನ್ನು ಮಾರುವಾಗ ಬಣ್ಣ ತಿದ್ದಿತು, 2012ರಲ್ಲಿ ಬಂದ ಎಂಪಿ-11 ಸಂಖ್ಯೆಯ ಸ್ಟಾರ್‌ಸ್ಕ್ರೀಮ್‌ನಲ್ಲಿ ಟಕಾರಾ ಟೋಮಿಯೂ ಕಾರ್ಟೂನಿನ ಬಣ್ಣಕ್ಕೆ ಬಂತು.

ಹಳೆಯದನ್ನು ಕೊಳ್ಳುವಾಗ ಎಚ್ಚರ ಬೇಕು. 1985ರಿಂದ ಅಂಟಿಸತೊಡಗಿದ, ಬೆರಳಿನ ಬಿಸಿಗೆ ಪಕ್ಷದ ಲಾಂಛನ ಮೂಡುವ ಚೌಕ ಸ್ಟಿಕರ್ ಅಸಲಿಯ ಗುರುತಿಗೆಂದೇ ಬಂದದ್ದು. ಇಂದಿನ ನಕಲುಗಾರರು ಅದನ್ನೂ ಅನುಕರಿಸುತ್ತಾರೆ. ಎಂಬತ್ತರ ದಶಕದ ಕೊನೆಯಿಂದ ಬಳಸಿದ, ಲೋಹದ ಮಿನುಗು ಬೆರೆಸಿದ ಕೆಲವು ಬಂಗಾರ ಬಣ್ಣದ ಪ್ಲಾಸ್ಟಿಕ್‌ಗಳು ಡಬ್ಬಿ ತೆರೆಯದಿದ್ದರೂ ತಾವಾಗಿ ಪುಡಿಯಾಗುತ್ತವೆ. ಬಿಳಿಯ ಪ್ಲಾಸ್ಟಿಕ್ ಬಿಸಿಲಿಗೆ ಹಳದಿ ತಿರುಗುತ್ತದೆ, ಅದನ್ನೇ ಅಪರೂಪದ ಬಣ್ಣ ಎಂದು ಮಾರುವವರಿದ್ದಾರೆ. ತೋಳನ್ನು ಎತ್ತಿ, ಕೀಲಿನ ಒಳಮೈ ನೋಡಬೇಕು. ಬೆಳಕು ತಾಗದ ಆ ಜಾಗ ಬಿಳಿಯಾಗಿಯೇ ಇದ್ದರೆ ಹೊರಗಿನ ಹಳದಿ ಕಾರ್ಖಾನೆಯದಲ್ಲ.